ಅಮೆರಿಕದ ಫೆಡರಲ್ ಡಿಸ್ಟ್ರಿಕ್ಟ್ ಕೋರ್ಟ್ ಯಾವ ದಾವೆ ಕೇಳುತ್ತದೆ, ಯಾವುದನ್ನು ಕೇಳುವುದಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಊರಿನಲ್ಲಿ ಸಿವಿಲ್ ಕೋರ್ಟಿಗೆ ಹೋದರೆ ಯಾವ ದಾವೆಯನ್ನಾದರೂ ತೆಗೆದುಕೊಳ್ಳುತ್ತಾರೆ. ಇಲ್ಲಿನ ಫೆಡರಲ್ ಕೋರ್ಟ್ ಯಾಕೆ ನಮಗೆ ಅಧಿಕಾರವಿಲ್ಲ ಅನ್ನುತ್ತದೆ?

ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಕಲಂ ಪ್ರಕಾರ, ಕಾನೂನು ಸ್ಪಷ್ಟವಾಗಿ ಅಥವಾ ಪರೋಕ್ಷವಾಗಿ ತಡೆಯದ ಹೊರತು ಸಿವಿಲ್ ಸ್ವರೂಪದ ಎಲ್ಲ ದಾವೆಗಳನ್ನೂ ಸಿವಿಲ್ ಕೋರ್ಟ್ ವಿಚಾರಿಸಬಹುದು. ಅಮೆರಿಕದಲ್ಲಿ ಆ ಜಾಗ ರಾಜ್ಯಗಳ ಕೋರ್ಟುಗಳದ್ದು. ಫೆಡರಲ್ ಡಿಸ್ಟ್ರಿಕ್ಟ್ ಕೋರ್ಟುಗಳ ಲೆಕ್ಕ ಇದಕ್ಕೆ ಉಲ್ಟಾ. ಸಂವಿಧಾನದ ಮೂರನೇ ವಿಧಿ ಒಂದು ಹೊರಗಿನ ಗಡಿ ಹಾಕಿದೆ. ಅದರೊಳಗೆ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕಾಯ್ದೆ ಮಾಡಿ ಕೊಟ್ಟಷ್ಟೇ ಈ 94 ಕೋರ್ಟುಗಳ ಅಧಿಕಾರ. ಹಾಗಾಗಿ ಪ್ರತಿ ದಾವೆಯನ್ನೂ ವ್ಯಾಪ್ತಿಯ (ಕೋರ್ಟಿಗೆ ಕೇಳಲು ಇರುವ ಅಧಿಕಾರದ) ಹೊರಗಿನದು ಎಂದೇ ಭಾವಿಸಿ ಆರಂಭಿಸುತ್ತಾರೆ. ಒಳಗಿದೆ ಎಂದು ತೋರಿಸುವ ಹೊಣೆ ದಾವೆ ತಂದವರ ಮೇಲೆ. ನಿಮ್ಮ ಪಕ್ಷ ಎಷ್ಟೇ ನ್ಯಾಯವಾಗಿದ್ದರೂ ಇದನ್ನು ತೋರಿಸದೆ ಮುಂದೆ ಹೋಗಲಾಗದು.

ಒಳಗೆ ಹೋಗಲು ಇರುವ ದಾರಿಗಳು ಯಾವುವು?

ಹೆಚ್ಚಿನವರಿಗೆ ಬೇಕಾಗುವುದು ಎರಡು, ಎರಡೂ ಫೆಡರಲ್ ಸಂಹಿತೆಯ 28ನೇ ಟೈಟಲ್‌ನಲ್ಲಿವೆ. 1331ನೇ ಕಲಂ: ದಾವೆ ಫೆಡರಲ್ ಸಂವಿಧಾನ, ಕಾಯ್ದೆ ಅಥವಾ ಒಪ್ಪಂದದಿಂದ ಹುಟ್ಟಿರಬೇಕು, ಇದಕ್ಕೆ 1980ರಿಂದ ಈಚೆಗೆ ಹಣದ ಕನಿಷ್ಠ ಮಿತಿ ಇಲ್ಲ. 1332ನೇ ಕಲಂ: ಕಕ್ಷಿಗಾರರು ಬೇರೆ ಬೇರೆ ರಾಜ್ಯಗಳ, ಅಥವಾ ಒಂದು ಕಡೆ ರಾಜ್ಯದ, ಇನ್ನೊಂದು ಕಡೆ ವಿದೇಶದ ನಾಗರಿಕರಾಗಿರಬೇಕು, ಮೊತ್ತ 75,000 ಡಾಲರ್ ಮೀರಿರಬೇಕು. ಇವಲ್ಲದೆ ಅಮೆರಿಕ ಸರ್ಕಾರವೇ ಕಕ್ಷಿಯಾಗಿರುವ ದಾವೆಗಳು, ಹಡಗು-ಸಮುದ್ರದ ವ್ಯಾಜ್ಯಗಳು, ದಿವಾಳಿ ಪ್ರಕರಣಗಳು, ಪೇಟೆಂಟ್ ಮತ್ತು ಕಾಪಿರೈಟ್ ದಾವೆಗಳಿಗೆ ಪ್ರತ್ಯೇಕ ಕಲಂಗಳಿವೆ. ಪೇಟೆಂಟ್, ಕಾಪಿರೈಟ್ ದಾವೆಯನ್ನು ರಾಜ್ಯ ಕೋರ್ಟಿನಲ್ಲಿ ಹೂಡಲು ಆಗುವುದೇ ಇಲ್ಲ.

ನನ್ನ ಕೇಸಿನಲ್ಲಿ ಫೆಡರಲ್ ಕಾನೂನಿನ ಪ್ರಸ್ತಾಪ ಇದೆ. ಅಷ್ಟು ಸಾಕಲ್ಲವೇ?

ಸಾಲದು. ಸ್ವಂತವಾಗಿ ದಾವೆ ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲೇ. ಫೆಡರಲ್ ಕಾನೂನು ನಿಮ್ಮ ಬೇಡಿಕೆಯ ಬುಡದಲ್ಲಿ ಇರಬೇಕು. ಎದುರಾಳಿ ಮುಂದೆ ಹೂಡಬಹುದಾದ ವಾದದಲ್ಲಿ ಇದ್ದರೆ ಲೆಕ್ಕಕ್ಕಿಲ್ಲ.

ಇದನ್ನು ಕಲಿಸುವ ಪ್ರಸಿದ್ಧ ಪ್ರಕರಣ 1908ರ ಲೂಯಿವಿಲ್ ಆ್ಯಂಡ್ ನ್ಯಾಶ್‌ವಿಲ್ ರೈಲ್‌ರೋಡ್ ವಿರುದ್ಧ ಮಾಟ್ಲಿ. 1871ರಲ್ಲಿ ರೈಲು ಅಪಘಾತದಲ್ಲಿ ಗಾಯಗೊಂಡ ದಂಪತಿಗೆ, ಪರಿಹಾರದ ಬೇಡಿಕೆ ಬಿಟ್ಟುಕೊಟ್ಟಿದ್ದಕ್ಕೆ, ಕಂಪನಿ ಜೀವನಪರ್ಯಂತ ಉಚಿತ ಪಾಸ್ ಕೊಟ್ಟಿತ್ತು. 1906ರಲ್ಲಿ ಕಾಂಗ್ರೆಸ್ ಉಚಿತ ಪಾಸ್‌ಗಳನ್ನು ನಿಷೇಧಿಸಿತು, ಕಂಪನಿ ಪಾಸ್ ನಿಲ್ಲಿಸಿತು. ದಂಪತಿ ಫೆಡರಲ್ ಕೋರ್ಟಿಗೆ ಹೋದರು: ಒಪ್ಪಂದ ಮುರಿದಿದ್ದಾರೆ, ಹೊಸ ಕಾಯ್ದೆಯ ನೆಪ ಹೇಳುತ್ತಾರೆ, ಆ ಕಾಯ್ದೆ ನಮಗೆ ಅನ್ವಯಿಸುವುದಿಲ್ಲ, ಅನ್ವಯಿಸಿದರೆ ಅದು ಸಂವಿಧಾನಬಾಹಿರ ಎಂದು. ಕೆಳಗಿನ ಕೋರ್ಟಿನಲ್ಲಿ ಗೆದ್ದರು ಕೂಡ. ಸುಪ್ರೀಂ ಕೋರ್ಟಿನಲ್ಲಿ ಇಬ್ಬರೂ ಎತ್ತದ ಪ್ರಶ್ನೆಯನ್ನು ನ್ಯಾಯಾಧೀಶರೇ ಎತ್ತಿದರು. ಇವರ ಬೇಡಿಕೆ ಬರೀ ಒಪ್ಪಂದ ಭಂಗ, ಅದು ರಾಜ್ಯದ ಕಾನೂನು. ಫೆಡರಲ್ ಕಾಯ್ದೆ ಬರುವುದು ಕಂಪನಿಯ ಸಮರ್ಥನೆಯಲ್ಲಿ. ಆದ್ದರಿಂದ ವ್ಯಾಪ್ತಿ ಇಲ್ಲ, ವಜಾ. ದಂಪತಿ ರಾಜ್ಯ ಕೋರ್ಟಿನಲ್ಲಿ ಮೊದಲಿನಿಂದ ಶುರುಮಾಡಿ ಮತ್ತೆ ಸುಪ್ರೀಂ ಕೋರ್ಟ್ ತನಕ ಬಂದರು, 1911ರಲ್ಲಿ ಸೋತರು.

ನಿಮ್ಮ ವಾದಪತ್ರಕ್ಕೆ ಈ ಪರೀಕ್ಷೆ ಹಾಕಿ: ಎದುರಾಳಿ ಏನು ಹೇಳಬಹುದು ಎಂಬ ಸಾಲುಗಳನ್ನೆಲ್ಲ ಹೊಡೆದುಹಾಕಿ. ಉಳಿದದ್ದರಲ್ಲಿ ನಿಮಗೆ ಪರಿಹಾರ ಕೇಳುವ ಹಕ್ಕು ಕೊಟ್ಟ ಫೆಡರಲ್ ಕಾಯ್ದೆ ಕಾಣುತ್ತದೆಯೇ? ಕೂಲಿ ಬಾಕಿಗೆ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆ್ಯಕ್ಟ್, ಉದ್ಯೋಗದಲ್ಲಿನ ತಾರತಮ್ಯಕ್ಕೆ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಟೈಟಲ್ ಏಳು ಇದ್ದರೆ ಸರಿ. ಮನೆ ಮಾಲೀಕ ಅಡ್ವಾನ್ಸ್ ವಾಪಸ್ ಕೊಟ್ಟಿಲ್ಲ, ಕಂಟ್ರಾಕ್ಟರ್ ಅಡುಗೆಮನೆ ಕೆಲಸ ಅರ್ಧಕ್ಕೆ ಬಿಟ್ಟ ಎಂಬುವು ರಾಜ್ಯದ ವಿಷಯಗಳೇ. ಅದಕ್ಕೆ ಸಂವಿಧಾನದ ಹದಿನಾಲ್ಕನೇ ತಿದ್ದುಪಡಿ ಎಂದು ಸೇರಿಸಿದರೂ ಬದಲಾಗದು. ಖಾಸಗಿ ವ್ಯಕ್ತಿಗಳ ಮೇಲೆ ಆ ತಿದ್ದುಪಡಿ ಸಾಮಾನ್ಯವಾಗಿ ಎರಗುವುದೇ ಇಲ್ಲ.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ, ಎದುರಾಳಿ ಇದೇ ರಾಜ್ಯದ ಅಮೆರಿಕನ್. 1332ರಡಿ ಹೋಗಬಹುದೇ?

ಹೋಗಬಹುದು. ನೀವು ಭಾರತದ ನಾಗರಿಕರು, ಅವರು ರಾಜ್ಯದ ನಾಗರಿಕರು. ಒಂದೇ ಬೀದಿಯಲ್ಲಿ ಮನೆ ಇದ್ದರೂ ಅಡ್ಡಿಯಿಲ್ಲ. ಆದರೆ ವೀಸಾ, ಗ್ರೀನ್ ಕಾರ್ಡ್, ಪಾಸ್‌ಪೋರ್ಟ್ ಬದಲಾದಂತೆ ಉತ್ತರವೂ ಬದಲಾಗುತ್ತದೆ:

- ಟೆಕ್ಸಾಸ್‌ನಲ್ಲಿ ನೆಲೆಸಿದ ಗ್ರೀನ್ ಕಾರ್ಡ್‌ದಾರ ಟೆಕ್ಸಾಸ್‌ನ ನಾಗರಿಕನ ಮೇಲೆ ದಾವೆ ಹೂಡಿದರೆ ವ್ಯಾಪ್ತಿ ಇಲ್ಲ. ಕಾಯ್ದೆಯಲ್ಲೇ ಹಾಗೆ ಬರೆದಿದೆ. ಕ್ಯಾಲಿಫೋರ್ನಿಯಾದ ನಾಗರಿಕನ ಮೇಲಾದರೆ ಇದೆ.
- ಎರಡೂ ಕಡೆ ವಿದೇಶಿಯರೇ ಇದ್ದರೆ ಇಲ್ಲ. ಎಚ್-1ಬಿ ನೌಕರ ಬೆಂಗಳೂರಿನಲ್ಲಿ ನೋಂದಣಿಯಾಗಿ ಅಲ್ಲಿಂದಲೇ ನಡೆಯುವ ಕಂಪನಿಯ ಮೇಲೆ ಒಪ್ಪಂದ ಭಂಗದ ದಾವೆ ತಂದರೆ ಇಬ್ಬರೂ ಭಾರತದವರೇ. ಅದೇ ನೌಕರ ಫೆಡರಲ್ ಕೂಲಿ ಕಾಯ್ದೆಯಡಿ ಬಂದರೆ 1331ರ ದಾರಿ ತೆರೆದಿರುತ್ತದೆ.
- ಒಸಿಐ ಕಾರ್ಡ್ ಭಾರತದ ಪೌರತ್ವ ಅಲ್ಲ. ಅಮೆರಿಕದ ಪಾಸ್‌ಪೋರ್ಟ್ ಇದ್ದರೆ ನೀವು ಅಮೆರಿಕನ್, ಅಷ್ಟೇ.
- ಅಮೆರಿಕದ ಪೌರತ್ವ ಪಡೆದು ಮೈಸೂರಿಗೆ ಮರಳಿ ಅಲ್ಲೇ ಕಾಯಂ ನೆಲೆಸಿದವರ ಸ್ಥಿತಿ ಎಲ್ಲಕ್ಕಿಂತ ವಿಚಿತ್ರ. ಅವರು ಯಾವ ರಾಜ್ಯದ ನಾಗರಿಕರೂ ಅಲ್ಲ, ವಿದೇಶಿಯರೂ ಅಲ್ಲ. 1332ರಡಿ ಅವರು ದಾವೆ ಹೂಡುವಂತೆಯೂ ಇಲ್ಲ, ಅವರ ಮೇಲೆ ಯಾರೂ ಹೂಡುವಂತೆಯೂ ಇಲ್ಲ. 1989ರಲ್ಲಿ ಸುಪ್ರೀಂ ಕೋರ್ಟ್ ನ್ಯೂಮನ್-ಗ್ರೀನ್ ಪ್ರಕರಣದಲ್ಲಿ ಇದನ್ನೇ ಹೇಳಿದ್ದು. ಅಲ್ಲಿ ವೆನೆಜುವೆಲಾದಲ್ಲಿ ನೆಲೆಸಿದ್ದ ಒಬ್ಬ ಅಮೆರಿಕನ್ ಪ್ರತಿವಾದಿಯಿಂದ ಇಡೀ ದಾವೆಗೆ ಕುತ್ತು ಬಂದಿತ್ತು. ಅವನನ್ನು ಕೈಬಿಟ್ಟು ಉಳಿದದ್ದನ್ನು ಉಳಿಸಿಕೊಂಡರು.

ಇನ್ನೊಂದು ನಿಯಮ 1806ರಷ್ಟು ಹಳೆಯದು: ವಾದಿಗಳಲ್ಲಿ ಯಾರೊಬ್ಬರೂ ಪ್ರತಿವಾದಿಗಳಲ್ಲಿ ಯಾರೊಬ್ಬರ ರಾಜ್ಯದವರೂ ಆಗಿರಬಾರದು. ಹತ್ತು ಪ್ರತಿವಾದಿಗಳಲ್ಲಿ ಒಬ್ಬ ನಿಮ್ಮ ರಾಜ್ಯದವನಾದರೂ ಕೆಟ್ಟಿತು. ಕೆಲವರು ಅನೇಕರ ಪರವಾಗಿ ಹೂಡುವ ದೊಡ್ಡ ಕ್ಲಾಸ್ ಆ್ಯಕ್ಷನ್‌ಗಳಿಗೆ ಮಾತ್ರ 2005ರ ಕಾಯ್ದೆ ಸಡಿಲ ಕೊಟ್ಟಿದೆ: ಕನಿಷ್ಠ 100 ಸದಸ್ಯರು, ಒಟ್ಟು 50 ಲಕ್ಷ ಡಾಲರ್‌ಗೂ ಮೀರಿದ ಮೊತ್ತ.

ರಾಜ್ಯದ ನಾಗರಿಕ ಅನ್ನಿಸಿಕೊಳ್ಳಲು ಅಮೆರಿಕದ ಪೌರತ್ವದ ಜೊತೆಗೆ ಆ ರಾಜ್ಯದಲ್ಲಿ ವಾಸ, ಅಲ್ಲೇ ಉಳಿಯುವ ಉದ್ದೇಶ, ಎರಡೂ ಬೇಕು. ವಾದಪತ್ರದಲ್ಲಿ ಬರೀ ಒಹಾಯೊ ನಿವಾಸಿ ಎಂದು ಬರೆದರೆ ಸಾಲದು, ಒಹಾಯೊದ ನಾಗರಿಕ ಎಂದೇ ಬರೆಯಬೇಕು. ಚುನಾವಣಾ ನೋಂದಣಿ, ಡ್ರೈವಿಂಗ್ ಲೈಸೆನ್ಸ್, ತೆರಿಗೆ ರಿಟರ್ನ್, ಕುಟುಂಬ ಇರುವ ಮನೆ ಇವೆಲ್ಲ ಪುರಾವೆ. ನೋಡುವುದು ದಾವೆ ಹೂಡಿದ ದಿನದ ಸ್ಥಿತಿಯನ್ನು; ಆಮೇಲೆ ಮನೆ ಬದಲಿಸಿ ಸರಿಮಾಡಿಕೊಳ್ಳಲು ಆಗದು.

ಎದುರಾಳಿ ಕಂಪನಿಯಾದರೆ ಅದು ಯಾವ ರಾಜ್ಯದ್ದು?

ಕಾರ್ಪೊರೇಷನ್ ಆದರೆ ಎರಡು ಕಡೆಯದು: ನೋಂದಣಿಯಾದ ರಾಜ್ಯ ಮತ್ತು ಮುಖ್ಯ ಕಾರ್ಯಸ್ಥಳ ಇರುವ ರಾಜ್ಯ. ಮುಖ್ಯ ಕಾರ್ಯಸ್ಥಳ ಅಂದರೆ ಮೇಲಧಿಕಾರಿಗಳು ಕೂತು ನಿರ್ಧಾರ ಮಾಡುವ ಜಾಗ ಎಂದು 2010ರ ಹರ್ಟ್ಜ್ ತೀರ್ಪು ಹೇಳಿದೆ. ಅಂಗಡಿ, ಗೋದಾಮು ಎಲ್ಲಿ ಹೆಚ್ಚಿವೆ ಎಂದು ಎಣಿಸುವುದಿಲ್ಲ.

ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಆದರೆ ಕಷ್ಟ. ಅದು ಡೆಲವೇರ್‌ನಲ್ಲಿ ನೋಂದಣಿಯಾಗಿದೆ ಎಂಬುದಕ್ಕೆ ಇಲ್ಲಿ ಬೆಲೆಯೇ ಇಲ್ಲ. ಅದರ ಪ್ರತಿಯೊಬ್ಬ ಸದಸ್ಯರ ನಾಗರಿಕತ್ವವೂ ಅದರದ್ದೇ. ಸದಸ್ಯರಲ್ಲಿ ಇನ್ನೊಂದು ಎಲ್‌ಎಲ್‌ಸಿ ಇದ್ದರೆ ಅದರ ಸದಸ್ಯರನ್ನೂ ಬಗೆಯಬೇಕು, ಮನುಷ್ಯರೋ ಕಾರ್ಪೊರೇಷನ್ನೋ ಸಿಗುವ ತನಕ. ಎಷ್ಟೋ ರಾಜ್ಯಗಳಲ್ಲಿ ಈ ಹೆಸರುಗಳು ಸಾರ್ವಜನಿಕ ದಾಖಲೆಯಲ್ಲಿ ಸಿಗುವುದಿಲ್ಲ. ವರ್ಷಗಟ್ಟಲೆ ನಡೆದ ದಾವೆಯಲ್ಲಿ ಕೊನೆಗೆ ಯಾವುದೋ ಮೂಲೆಯ ಪಾಲುದಾರ ವಾದಿಯ ರಾಜ್ಯದವನೇ ಎಂದು ಗೊತ್ತಾಗಿ ಎಲ್ಲವೂ ನೀರುಪಾಲಾಗುವುದು ಹೀಗೆ. ಅದಕ್ಕೇ 2022ರ ಡಿಸೆಂಬರ್‌ನಿಂದ ಸಿವಿಲ್ ನಿಯಮ 7.1 ಬಿಗಿಯಾಗಿದೆ: 1332ರ ದಾವೆಯಲ್ಲಿ ಪ್ರತಿ ಕಕ್ಷಿಯೂ ಮೊದಲ ಹಂತದಲ್ಲೇ ತನ್ನ ನಾಗರಿಕತ್ವದ ಹೇಳಿಕೆ ಸಲ್ಲಿಸಬೇಕು. ಎದುರಾಳಿ ಸಲ್ಲಿಸಿಲ್ಲವೆಂದರೆ ಸುಮ್ಮನಿರಬೇಡಿ, ಬರೆದು ಕೇಳಿ.

75,000 ಡಾಲರ್ ಲೆಕ್ಕ ಹೇಗೆ?

75,000 ಮೀರಬೇಕು; ಸರಿಯಾಗಿ 75,000 ಇದ್ದರೆ ಒಂದು ಸೆಂಟ್ ಕಡಿಮೆ. ಬಡ್ಡಿ, ಕೋರ್ಟ್ ಖರ್ಚು ಸೇರುವುದಿಲ್ಲ. ವಕೀಲರ ಫೀಸನ್ನು ಕಾಯ್ದೆಯೋ ಒಪ್ಪಂದವೋ ಕೊಡಿಸುವುದಾದರೆ ಸೇರುತ್ತದೆ. ದಂಡರೂಪದ ಪರಿಹಾರವೂ ಹಾಗೆಯೇ, ಆ ರಾಜ್ಯದ ಕಾನೂನು ಅವಕಾಶ ಕೊಟ್ಟರೆ.

ಒಬ್ಬ ವಾದಿ ಒಬ್ಬನೇ ಪ್ರತಿವಾದಿಯ ಮೇಲಿನ 40,000ದ ಎರಡು ಬೇಡಿಕೆಗಳನ್ನು ಕೂಡಿಸಬಹುದು. ಇಬ್ಬರು ವಾದಿಗಳ ತಲಾ 40,000ವನ್ನು ಕೂಡಿಸುವಂತಿಲ್ಲ. ಒಬ್ಬರದು 90,000, ಇನ್ನೊಬ್ಬರದು 20,000 ಆಗಿ ಎರಡೂ ಒಂದೇ ಘಟನೆಯಿಂದ ಬಂದಿದ್ದರೆ ಚಿಕ್ಕದು ದೊಡ್ಡದರ ಬೆನ್ನಿಗೆ ಬರಬಹುದು. 2005ರ ಎಕ್ಸಾನ್ ತೀರ್ಪು ಅದಕ್ಕೆ ದಾರಿ ಮಾಡಿತು.

ನೀವು ಪ್ರಾಮಾಣಿಕವಾಗಿ ಬರೆದ ಮೊತ್ತವನ್ನು ಕೋರ್ಟ್ ನಂಬುತ್ತದೆ, ಅಷ್ಟು ಬರಲು ಕಾನೂನಿನಲ್ಲಿ ಸಾಧ್ಯವೇ ಇಲ್ಲ ಎಂದು ಖಚಿತವಾದರೆ ಮಾತ್ರ ವಜಾ. ಕೊನೆಗೆ 30,000 ಸಿಕ್ಕಿತು ಎಂದ ಮಾತ್ರಕ್ಕೆ ವ್ಯಾಪ್ತಿ ಹೋಗುವುದಿಲ್ಲ, ಆದರೆ ಕೋರ್ಟ್ ಖರ್ಚನ್ನು ನಿಮ್ಮ ಮೇಲೇ ಹಾಕಬಹುದು.

ಒಂದು ಫೆಡರಲ್ ಬೇಡಿಕೆ, ಮೂರು ರಾಜ್ಯ ಕಾನೂನಿನವು. ಎಲ್ಲ ಒಟ್ಟಿಗೆ ನಡೆಯುತ್ತವೆಯೇ?

ಒಂದೇ ಘಟನಾವಳಿಯಿಂದ ಬಂದಿದ್ದರೆ 1367ನೇ ಕಲಂ ಒಪ್ಪುತ್ತದೆ. ಫೆಡರಲ್ ಬೇಡಿಕೆ ಬೇಗ ಬಿದ್ದುಹೋದರೆ ನ್ಯಾಯಾಧೀಶರು ಉಳಿದವನ್ನು ಕೈಬಿಡಬಹುದು, ಸಾಮಾನ್ಯವಾಗಿ ಬಿಡುತ್ತಾರೆ ಕೂಡ. 2025ರ ಜನವರಿಯ ರಾಯಲ್ ಕ್ಯಾನಿನ್ ತೀರ್ಪು ಗೊತ್ತಿರಲಿ: ಪ್ರತಿವಾದಿ ನಿಮ್ಮ ದಾವೆಯನ್ನು ಫೆಡರಲ್ ಕೋರ್ಟಿಗೆ ಒಯ್ದ ಮೇಲೆ ನೀವು ವಾದಪತ್ರ ತಿದ್ದಿ ಫೆಡರಲ್ ಬೇಡಿಕೆಗಳನ್ನು ತೆಗೆದರೆ, ಬೇರೆ ಆಧಾರವಿಲ್ಲದಿದ್ದಲ್ಲಿ, ದಾವೆ ರಾಜ್ಯ ಕೋರ್ಟಿಗೆ ಮರಳಲೇಬೇಕು.

ವಿಚ್ಛೇದನ, ಮಕ್ಕಳ ಪಾಲನೆ, ಉಯಿಲು?

ಗಂಡ ಒಂದು ರಾಜ್ಯ, ಹೆಂಡತಿ ಇನ್ನೊಂದು ರಾಜ್ಯ, ಜೀವನಾಂಶ ಲಕ್ಷ ಡಾಲರ್ ಆದರೂ ವಿಚ್ಛೇದನ, ಜೀವನಾಂಶ, ಮಕ್ಕಳ ಪಾಲನೆಯ ಡಿಕ್ರಿಯನ್ನು ಫೆಡರಲ್ ಕೋರ್ಟ್ ಕೊಡುವುದಿಲ್ಲ. 1859ರಿಂದ ಬಂದ ಈ ಮಿತಿಯನ್ನು 1992ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಎತ್ತಿಹಿಡಿದಿದೆ. ಉಯಿಲಿನ ಪ್ರೊಬೇಟ್ (ಉಯಿಲನ್ನು ಕೋರ್ಟ್ ಮಾನ್ಯ ಮಾಡುವುದು), ಆಸ್ತಿಯ ನಿರ್ವಹಣೆ ಕೂಡ ರಾಜ್ಯದ್ದೇ. ಉಯಿಲು ಬರೆಯದಂತೆ ಮೋಸ ಮಾಡಿದರೆಂದು ಒಬ್ಬ ವ್ಯಕ್ತಿಯ ಮೇಲೆ ನಷ್ಟ ಪರಿಹಾರ ಕೇಳುವುದು ಬೇರೆ, ಅದು 2006ರ ಮಾರ್ಷಲ್ ತೀರ್ಪಿನ ನಂತರ ನಡೆಯುತ್ತದೆ.

ಗ್ರೀನ್ ಕಾರ್ಡ್‌ಗಾಗಿ ಸಂಗಾತಿ ಸಹಿ ಹಾಕಿದ ಐ-864 ಬೆಂಬಲ ಪತ್ರವನ್ನು ಜಾರಿಮಾಡಿಸುವ ದಾವೆ ಈ ನಿಷೇಧದಲ್ಲಿ ಬರುವುದಿಲ್ಲ ಎಂದು ಹಲವು ಫೆಡರಲ್ ಕೋರ್ಟುಗಳು ಅದನ್ನು ಸ್ವೀಕರಿಸಿವೆ. ವಿಚ್ಛೇದನದಿಂದ ಆ ಹೊಣೆ ತಾನಾಗಿ ಮುಗಿಯುವುದಿಲ್ಲ. ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತೇ ಇರುವುದಿಲ್ಲ.

ಮಗುವನ್ನು ಬೇರೆ ದೇಶದಿಂದ ಅಮೆರಿಕಕ್ಕೆ ಕರೆತಂದಾಗ ಹಿಂತಿರುಗಿಸಲು ಕೋರುವ ಹೇಗ್ ಒಪ್ಪಂದದ ಅರ್ಜಿಯನ್ನು ಫೆಡರಲ್ ಕೋರ್ಟ್ ಕೇಳುತ್ತದೆ. ಭಾರತ ಆ ಒಪ್ಪಂದಕ್ಕೆ ಸೇರಿಲ್ಲವಾದ್ದರಿಂದ ಭಾರತದಿಂದ ಕರೆತಂದ ಮಗುವಿಗೆ ಈ ದಾರಿ ಇಲ್ಲ, ರಾಜ್ಯದ ಕುಟುಂಬ ಕೋರ್ಟೇ ಗತಿ.

ರಾಜ್ಯ ಕೋರ್ಟಿನಲ್ಲಿ ಸೋತೆ. ತೀರ್ಪು ಸಂವಿಧಾನಕ್ಕೆ ವಿರುದ್ಧ ಎಂದು ಫೆಡರಲ್ ಕೋರ್ಟಿಗೆ ಹೋಗಲೇ?

ಬೇಡ. ಡಿಸ್ಟ್ರಿಕ್ಟ್ ಕೋರ್ಟ್ ರಾಜ್ಯ ಕೋರ್ಟಿನ ಮೇಲ್ಮನವಿ ಕೋರ್ಟ್ ಅಲ್ಲ. ರಾಜ್ಯದ ಮೇಲ್ಮನವಿಗಳನ್ನು ಮುಗಿಸಿ ಸುಪ್ರೀಂ ಕೋರ್ಟಿಗೆ ಹೋಗಬೇಕು. ಮನೆ ಜಪ್ತಿ, ಮಕ್ಕಳ ಪಾಲನೆಯ ಆದೇಶಗಳ ನಂತರ ಬರುವ ಇಂಥ ದಾವೆಗಳು ಹೆಚ್ಚು ದಿನ ಬಾಳುವುದಿಲ್ಲ, ಇತ್ತ ರಾಜ್ಯದ ಮೇಲ್ಮನವಿಯ ಗಡುವು ಮೀರಿಹೋಗಿರುತ್ತದೆ.

ವಲಸೆ ಇಲಾಖೆ ಅರ್ಜಿಯನ್ನು ವರ್ಷಗಟ್ಟಲೆ ಇಟ್ಟುಕೊಂಡು ಕೂತಿದೆ. ದಾವೆ ಹೂಡಬಹುದೇ?

ಯಾವ ಅರ್ಜಿ ಎಂಬುದರ ಮೇಲೆ ಹೋಗುತ್ತದೆ.

ಪೌರತ್ವದ ಎನ್-400ಕ್ಕೆ ದಾರಿ ಸ್ಪಷ್ಟ. ಸಂದರ್ಶನ ಆಗಿ 120 ದಿನ ಕಳೆದರೂ ನಿರ್ಧಾರ ಬರದಿದ್ದರೆ ನೀವು ವಾಸಿಸುವ ಜಿಲ್ಲೆಯ ಫೆಡರಲ್ ಕೋರ್ಟಿಗೆ ಹೋಗಬಹುದು; ಕೋರ್ಟ್ ತಾನೇ ನಿರ್ಧರಿಸಬಹುದು, ಇಲ್ಲವೇ ಸೂಚನೆ ಕೊಟ್ಟು ಇಲಾಖೆಗೆ ಕಳಿಸಬಹುದು. ಅರ್ಜಿ ತಿರಸ್ಕಾರವಾಗಿದ್ದರೆ ಮೊದಲು ಎನ್-336 ಹಾಕಿ ಮರುವಿಚಾರಣೆ ಮುಗಿಸಬೇಕು, ಆಮೇಲೆ ಕೋರ್ಟ್.

ಬೇರೆ ಅರ್ಜಿಗಳ ವಿಳಂಬಕ್ಕೆ ಆಡಳಿತ ಪ್ರಕ್ರಿಯಾ ಕಾಯ್ದೆ ಮತ್ತು 1361ನೇ ಕಲಮಿನ ಮ್ಯಾಂಡಮಸ್ (ಅಧಿಕಾರಿಗೆ ತನ್ನ ಕರ್ತವ್ಯ ಮಾಡು ಎನ್ನುವ ಆದೇಶ) ಆಧಾರ. ಕೋರ್ಟ್ ಹೆಚ್ಚೆಂದರೆ ನಿರ್ಧಾರ ಮಾಡಿ ಎನ್ನಬಹುದು, ಮಂಜೂರು ಮಾಡಿ ಎನ್ನಲಾಗದು. ಭಾರತೀಯರನ್ನು ಹೆಚ್ಚು ಕಾಡುವುದು ಗ್ರೀನ್ ಕಾರ್ಡ್ ಅರ್ಜಿಯಾದ ಐ-485: ವೀಸಾ ಸಂಖ್ಯೆಯ ಸರದಿ ಹಿಂದೆ ಸರಿದಾಗ ಅರ್ಜಿ ತಡೆಹಿಡಿಯುವ ಪದ್ಧತಿ ಇಲಾಖೆಯ ವಿವೇಚನೆಗೆ ಬಿಟ್ಟದ್ದು, ಅದನ್ನು ಪ್ರಶ್ನಿಸುವ ದಾವೆ ಕೇಳಲು ವ್ಯಾಪ್ತಿಯೇ ಇಲ್ಲ ಎಂದು ಫೆಡರಲ್ ಮೇಲ್ಮನವಿ ಕೋರ್ಟುಗಳಾದ 5ನೇ ಮತ್ತು 8ನೇ ಸರ್ಕಿಟ್‌ಗಳು 2024ರಲ್ಲಿ ಹೇಳಿವೆ. ಹಾಗೆಯೇ, ಒಮ್ಮೆ ಮಂಜೂರಾದ ವೀಸಾ ಅರ್ಜಿಯನ್ನು ಇಲಾಖೆ ರದ್ದುಮಾಡಿದರೆ ಅದೂ ವಿವೇಚನೆಯ ವಿಷಯ ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬೌಅರ್ಫಾ ಪ್ರಕರಣದಲ್ಲಿ ಒಮ್ಮತದಿಂದ ತೀರ್ಪಿತ್ತಿತು. ಕಾನ್ಸುಲೇಟ್ ವೀಸಾ ನಿರಾಕರಿಸಿದ್ದನ್ನು ಕೋರ್ಟುಗಳು ಬಹುತೇಕ ಮುಟ್ಟುವುದೇ ಇಲ್ಲ. ಗಡೀಪಾರಿನ ಅಂತಿಮ ಆದೇಶವನ್ನು ಡಿಸ್ಟ್ರಿಕ್ಟ್ ಕೋರ್ಟಿಗೆ ಒಯ್ಯಬೇಡಿ. ಅದು 30 ದಿನದೊಳಗೆ ನೇರ ಸರ್ಕಿಟ್ ಕೋರ್ಟಿಗೆ ಹೋಗಬೇಕಾದದ್ದು.

ಅಂಚೆ ಇಲಾಖೆಯ ಗಾಡಿ ನನ್ನ ಕಾರಿಗೆ ಗುದ್ದಿತು. ಸರ್ಕಾರದ ಮೇಲೆ ನೇರ ದಾವೆ?

ನೇರ ಅಲ್ಲ. ಸರ್ಕಾರ ತಾನು ಒಪ್ಪಿದಷ್ಟಕ್ಕೇ ಕೋರ್ಟಿಗೆ ಬರುತ್ತದೆ. ಘಟನೆಯಿಂದ ಎರಡು ವರ್ಷದೊಳಗೆ ಆ ಇಲಾಖೆಗೇ ಲಿಖಿತ ಕ್ಲೇಮ್ ಕೊಡಬೇಕು, ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಫಾರ್ಮ್ 95ರಲ್ಲಿ. ಮೊತ್ತವನ್ನು ಅಂಕಿಯಲ್ಲಿ ಖಚಿತವಾಗಿ ಬರೆಯಬೇಕು. ಮುಂದೆ ತಿಳಿಸಲಾಗುವುದು ಎಂದು ಬರೆದ ಕ್ಲೇಮ್ ಕ್ಲೇಮೇ ಅಲ್ಲ. ಇಲಾಖೆ ತಿರಸ್ಕರಿಸಿ ಪತ್ರ ಕಳಿಸಿದ ಮೇಲೆ ಆರು ತಿಂಗಳೊಳಗೆ ದಾವೆ. ಆರು ತಿಂಗಳು ಉತ್ತರವೇ ಬರದಿದ್ದರೆ ತಿರಸ್ಕಾರವೆಂದು ತಿಳಿದು ಮುಂದುವರಿಯಬಹುದು. ಜ್ಯೂರಿ ಇರುವುದಿಲ್ಲ. ಗಾಡಿ ಗುದ್ದಿದ್ದಕ್ಕೆ ಈ ದಾರಿ ಇದೆ, ಪಾರ್ಸೆಲ್ ಕಳೆದುಹೋದದ್ದಕ್ಕೆ ಇಲ್ಲ. ಕಾಯ್ದೆ ಅದನ್ನು ಹೊರಗಿಟ್ಟಿದೆ. ಸರ್ಕಾರದೊಂದಿಗಿನ ಒಪ್ಪಂದದಲ್ಲಿ 10,000 ಡಾಲರ್ ಮೀರಿದ ಬೇಡಿಕೆಯಾದರೆ ವಾಷಿಂಗ್ಟನ್ನಿನ ಫೆಡರಲ್ ಕ್ಲೇಮ್ಸ್ ಕೋರ್ಟ್.

ಕಾಯ್ದೆ ಉಲ್ಲಂಘನೆ ಆಗಿರುವುದು ಖಚಿತ. ನನಗೆ ನಷ್ಟವಾಗಿದೆ ಎಂದೂ ತೋರಿಸಬೇಕೇ?

ಹೌದು. ನಿಜವಾದ ಹಾನಿ, ಅದು ಪ್ರತಿವಾದಿಯಿಂದ ಆದದ್ದು, ಕೋರ್ಟಿನ ಆದೇಶದಿಂದ ಸರಿಹೋಗುವಂಥದ್ದು, ಮೂರೂ ಬೇಕು. 2021ರ ಟ್ರಾನ್ಸ್‌ಯೂನಿಯನ್ ಪ್ರಕರಣದಲ್ಲಿ 8,185 ಜನರ ಕ್ರೆಡಿಟ್ ಕಡತದಲ್ಲಿ ಭಯೋತ್ಪಾದಕರ ಪಟ್ಟಿಗೆ ಹೆಸರು ಹೊಂದಬಹುದೆಂಬ ತಪ್ಪು ಗುರುತು ಬಿದ್ದಿತ್ತು. ಆ ವರದಿ ಹೊರಗಿನವರ ಕೈಗೆ ಹೋದದ್ದು 1,853 ಜನರದು. ಉಳಿದ 6,332 ಜನರಿಗೆ ಆ ತಪ್ಪು ವರದಿಯ ಬಗ್ಗೆ ದಾವೆ ಹೂಡುವ ಅರ್ಹತೆಯೇ ಇಲ್ಲ ಎಂದಿತು ಸುಪ್ರೀಂ ಕೋರ್ಟ್, ಐದು-ನಾಲ್ಕರಲ್ಲಿ. ಕಠೋರ ಅನ್ನಿಸಬಹುದು, ಆದರೆ ಈಗ ಡೇಟಾ ಸೋರಿಕೆ ದಾವೆಗಳಲ್ಲೆಲ್ಲ ಮೊದಲು ಎದುರಾಗುವ ತೀರ್ಪು ಇದೇ. ಹಾನಿಯನ್ನು ದಿನಾಂಕ, ಮೊತ್ತ, ತಪ್ಪಿಹೋದ ಸಾಲ ಹೀಗೆ ವಿವರವಾಗಿ ಬರೆಯಿರಿ.

ನಾನು ರಾಜ್ಯ ಕೋರ್ಟಿನಲ್ಲಿ ಹೂಡಿದ್ದನ್ನು ಪ್ರತಿವಾದಿ ಫೆಡರಲ್ ಕೋರ್ಟಿಗೆ ಒಯ್ದಿದ್ದಾರೆ. ತಡೆಯಬಹುದೇ?

ದಿನಾಂಕಗಳನ್ನು ನೋಡಿ. ಅವರಿಗೆ ಸಮನ್ಸ್ ಜಾರಿಯಾಗಿ 30 ದಿನದೊಳಗೆ ಒಯ್ಯಬೇಕಿತ್ತು, ಸಮನ್ಸ್ ತಲುಪಿದ ಎಲ್ಲ ಪ್ರತಿವಾದಿಗಳೂ ಒಪ್ಪಬೇಕಿತ್ತು. 1332ನೇ ಕಲಮೇ ಆಧಾರವಾದರೆ, ಪ್ರತಿವಾದಿ ಆ ರಾಜ್ಯದವನೇ ಆಗಿದ್ದಾಗ ಒಯ್ಯುವಂತಿಲ್ಲ. ದಾವೆ ಶುರುವಾಗಿ ಒಂದು ವರ್ಷದ ಮೇಲೂ, ನೀವು ಕಪಟ ಮಾಡಿರದ ಹೊರತು, ಒಯ್ಯುವಂತಿಲ್ಲ. ಇಂಥ ಲೋಪಗಳಿದ್ದರೆ ನೀವು 30 ದಿನದೊಳಗೆ ಮರಳಿಸುವ ಅರ್ಜಿ ಹಾಕಬೇಕು, ಇಲ್ಲವಾದರೆ ಆ ಆಕ್ಷೇಪ ಹೋಯಿತು. ವ್ಯಾಪ್ತಿಯೇ ಇಲ್ಲ ಎಂಬ ಆಕ್ಷೇಪಕ್ಕೆ ಮಾತ್ರ ಗಡುವಿಲ್ಲ.

ಇಬ್ಬರೂ ಫೆಡರಲ್ ಕೋರ್ಟ್ ಬೇಕೆಂದು ಒಪ್ಪಿದ್ದೇವೆ. ಆಗಲೂ ತೊಂದರೆಯೇ?

ಒಪ್ಪಿಗೆಯಿಂದ ವ್ಯಾಪ್ತಿ ಹುಟ್ಟುವುದಿಲ್ಲ. ಒಪ್ಪಂದ ಪತ್ರದಲ್ಲಿ ಬರೆದಿದ್ದರೂ ಇಲ್ಲ. ಭಾರತದಲ್ಲಿ ಸ್ಥಳದ ಅಥವಾ ಮೊತ್ತದ ವ್ಯಾಪ್ತಿಯ ತಕರಾರನ್ನು ಆರಂಭದಲ್ಲೇ ಎತ್ತದಿದ್ದರೆ ಬಿಟ್ಟುಕೊಟ್ಟಂತೆ. ಇಲ್ಲಿ 75,000ದ ತಕರಾರನ್ನು ಮೇಲ್ಮನವಿಯಲ್ಲೂ ಎತ್ತಬಹುದು. 1804ರ ಕ್ಯಾಪ್ರನ್ ಪ್ರಕರಣದಲ್ಲಿ ದಾವೆ ಹೂಡಿ ಸೋತ ವಾದಿಯೇ ಸುಪ್ರೀಂ ಕೋರ್ಟಿಗೆ ಹೋಗಿ, ನನ್ನ ದಾವೆಗೆ ವ್ಯಾಪ್ತಿಯೇ ಇರಲಿಲ್ಲ ಎಂದು ತೀರ್ಪು ರದ್ದುಮಾಡಿಸಿದ. ಪ್ರತಿವಾದಿಯನ್ನು ಆ ಊರಿಗೆ ಎಳೆಯಬಹುದೇ, ಯಾವ ಜಿಲ್ಲೆಯಲ್ಲಿ ಹೂಡಬೇಕು ಎಂಬ ಪ್ರಶ್ನೆಗಳು ಬೇರೆ. ಅವನ್ನು ಪ್ರತಿವಾದಿ ಮೊದಲ ಉತ್ತರದಲ್ಲೇ ಎತ್ತದಿದ್ದರೆ ಕಳೆದುಕೊಳ್ಳುತ್ತಾನೆ.

ವಾದಪತ್ರದಲ್ಲಿ ಏನು ಬರೆಯಬೇಕು, ಎಷ್ಟು ಖರ್ಚು?

ಸಿವಿಲ್ ನಿಯಮ 8 ಕೇಳುವುದು ವ್ಯಾಪ್ತಿಯ ಆಧಾರದ ಒಂದು ಚಿಕ್ಕ, ನೇರ ಹೇಳಿಕೆ. 1332ರ ದಾವೆಗೆ ಇಂಥ ಒಂದು ಪ್ಯಾರಾ ಸಾಕು: "ವಾದಿ ಭಾರತದ ನಾಗರಿಕ, ಕಾಯಂ ನಿವಾಸಿ ಪರವಾನಗಿ ಪಡೆದವರಲ್ಲ. ಪ್ರತಿವಾದಿ ಕಾರ್ಪೊರೇಷನ್ ಡೆಲವೇರ್‌ನಲ್ಲಿ ನೋಂದಣಿಯಾಗಿದ್ದು ಅದರ ಮುಖ್ಯ ಕಾರ್ಯಸ್ಥಳ ಇಲಿನಾಯ್. ಬಡ್ಡಿ ಮತ್ತು ಖರ್ಚು ಬಿಟ್ಟು ವಿವಾದದ ಮೊತ್ತ 75,000 ಡಾಲರ್ ಮೀರಿದೆ." ಬರೆಯುವುದು ಇಂಗ್ಲಿಷಿನಲ್ಲೇ, ಆದರೆ ಇರಬೇಕಾದ ಸಂಗತಿಗಳು ಇಷ್ಟೇ. ವಕೀಲರಿಲ್ಲದವರಿಗೆ ಕೋರ್ಟಿನ ಪ್ರೊ ಸೆ 1 ನಮೂನೆಯಲ್ಲಿ ಇದಕ್ಕೇ ಜಾಗವಿದೆ. ಜೊತೆಗೆ ಜೆಎಸ್ 44 ಮುಖಪುಟದಲ್ಲಿ ಆಧಾರಕ್ಕೆ ಒಂದೇ ಚೌಕ ಗುರುತಿಸಿ. ಫೆಡರಲ್ ಪ್ರಶ್ನೆ ಎಂದು ಗುರುತಿಸಿ ಒಳಗೆ ಒಂದೂ ಫೆಡರಲ್ ಕಾಯ್ದೆ ಹೆಸರಿಸದ ಕಡತಗಳು ಲೆಕ್ಕವಿಲ್ಲದಷ್ಟು.

ಶುಲ್ಕ 2023ರ ಡಿಸೆಂಬರ್‌ನಿಂದ 405 ಡಾಲರ್. ಕಟ್ಟಲಾಗದವರು ವಿನಾಯಿತಿಗೆ ಅರ್ಜಿ ಹಾಕಬಹುದು. ವಜಾ ಆದರೆ ಶುಲ್ಕ ಮರಳುವುದಿಲ್ಲ.

ವ್ಯಾಪ್ತಿ ಇಲ್ಲವೆಂದು ವಜಾ ಆದರೆ ಮುಂದೆ?

ಬರೆದದ್ದಷ್ಟೇ ತಪ್ಪಾಗಿದ್ದರೆ, ಅಂದರೆ ನಾಗರಿಕ ಎನ್ನುವಲ್ಲಿ ನಿವಾಸಿ ಎಂದಿದ್ದರೆ, ತಿದ್ದುಪಡಿಗೆ ಅವಕಾಶ ಕೇಳಿ; 1653ನೇ ಕಲಂ ಮೇಲ್ಮನವಿಯಲ್ಲೂ ಅದಕ್ಕೆ ಎಡೆ ಕೊಡುತ್ತದೆ. ವಸ್ತುಸ್ಥಿತಿಯೇ ಸರಿಯಿಲ್ಲದಿದ್ದರೆ ರಾಜ್ಯ ಕೋರ್ಟಿನಲ್ಲಿ ಹೊಸದಾಗಿ ಹೂಡಬೇಕು. ಈ ವಜಾ ಗುಣದೋಷಗಳ ಮೇಲಿನ ತೀರ್ಪಲ್ಲ, ಹಾಗಾಗಿ ಅಡ್ಡಿಯಿಲ್ಲ. ಫೆಡರಲ್ ಕೋರ್ಟಿನಲ್ಲೇ ಹುಟ್ಟಿದ ದಾವೆಯನ್ನು ಅದು ರಾಜ್ಯ ಕೋರ್ಟಿಗೆ ವರ್ಗಾಯಿಸಲಾರದು.

ಅಪಾಯ ಇರುವುದು ಕಾಲಮಿತಿಯಲ್ಲಿ. ಫೆಡರಲ್ ಬೇಡಿಕೆಯ ಬೆನ್ನಿಗೆ ಬಂದ ರಾಜ್ಯ ಬೇಡಿಕೆಗಳಿಗೆ 1367ನೇ ಕಲಂ ಗಡಿಯಾರ ನಿಲ್ಲಿಸುತ್ತದೆ, ವಜಾ ಆದ ಮೇಲೆ ಇನ್ನೂ 30 ದಿನ ಕೊಡುತ್ತದೆ. 1332ರ ಮೇಲೆಯೇ ನಿಂತಿದ್ದ ದಾವೆ ಬಿದ್ದರೆ ಆ ರಕ್ಷಣೆ ಇಲ್ಲ. ಆ ರಾಜ್ಯದ ಕಾನೂನು ಮರುಹೂಡಿಕೆಗೆ ಸಮಯ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಎರಡು ವರ್ಷದ ಗಡುವಿನ ಅಪಘಾತದ ದಾವೆಯನ್ನು ಕೊನೆಯ ವಾರದಲ್ಲಿ ಹೂಡುವವರು, ಎದುರಾಳಿ ಎಲ್‌ಎಲ್‌ಸಿಯ ಸದಸ್ಯರು ಯಾರೆಂದು ಗೊತ್ತಿಲ್ಲದಿದ್ದರೆ, ರಾಜ್ಯ ಕೋರ್ಟಿನಲ್ಲೇ ಹೂಡುವುದು ಲೇಸು. ಫೆಡರಲ್ ಕೋರ್ಟೇ ಬೇಕೆಂದರೆ ಗಡುವಿನೊಳಗೆ ರಾಜ್ಯ ಕೋರ್ಟಿನಲ್ಲೂ ಒಂದನ್ನು ಹೂಡಿ, ಅದನ್ನು ತಡೆಹಿಡಿದಿಡಲು ಕೋರಿ ಅರ್ಜಿ ಹಾಕಿ.